ಎಸ್ತರ್ ಹೆಸರು ಹೇಳಿದವನು ನಾನು

೧೯೯೬ರಲ್ಲಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ದುಡಿದೇ ಮೇಲೆ ಬಂದವನು, ಯಾರ ಮುಂದೆಯೂ ಕೈ ಚಾಚಿದವನಲ್ಲ. ಆದರೆ ಎಸ್ತರ್ ಎಂಬ ಹೆಂಗಸಿನ ಅನ್ನ ಹೋದದ್ದು ನನ್ನ ಒಂದು ಸುಳ್ಳಿನಿಂದ — ಇದನ್ನು ಇವತ್ತಿನವರೆಗೆ ಹೆಂಡತಿಗೂ ಹೇಳಿಲ್ಲ.

ಇದಾದದ್ದು ನಾನು ದುಬೈಯ ಒಂದು ಕ್ಲೀನಿಂಗ್ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದಾಗ. ದೇರಾ ಬಡಾವಣೆಯ ಸ್ಟಾಫ್ ಫ್ಲ್ಯಾಟುಗಳಿಂದ ಕ್ರೀಕ್ ಎಂಬ ಕಡಲ ಹಿನ್ನೀರಿನ ಬದಿಯ ಆಫೀಸು ಕಟ್ಟಡಗಳಿಗೆ ಕೆಲಸದವರನ್ನು ಬಸ್ಸು ಹತ್ತಿಸುವುದು ನನ್ನ ಜವಾಬ್ದಾರಿ. ನಮ್ಮ ದೇಶದ ಗಂಡಸರು ಮುಂದೆ, ಆಫ್ರಿಕಾದ ಹೆಂಗಸರು ಹಿಂದೆ. ಹಿಂದಕ್ಕೆ ಎ.ಸಿ. ಗಾಳಿ ತಲುಪುತ್ತಿರಲಿಲ್ಲ. ಕಪ್ಪು ಹೆಂಗಸರ ಪಕ್ಕ ಕೂರುವುದಿಲ್ಲ ಎಂದು ನಮ್ಮವರು ಗೊಣಗಿದ್ದಕ್ಕೆ ನಾನೇ ಮಾಡಿದ ಪದ್ಧತಿ ಅದು. ನನಗೂ — ನನಗೂ ಅದು ಸರಿಯೆಂದೇ ಕಂಡಿತ್ತು.

ಉಗಾಂಡಾದ ಎಸ್ತರ್ ಒಂದು ಬೆಳಿಗ್ಗೆ ಬಸ್ಸಿನ ಬಾಗಿಲಲ್ಲೇ ನಿಂತಳು. ನಮ್ಮ ನಡುವಿನ ಮಾತೆಲ್ಲ ಹರಕು ಹಿಂದಿಯಲ್ಲಿ.

"ಭಾಯ್, ಈ ರೂಲ್ ಕಂಪನಿದಾ, ನಿಮ್ಮದಾ?"

"ಯಲ್ಲಾ, ಬೇಗ ಹತ್ತು. ಲೇಟಾಗ್ತದೆ."

"ಕಂಪನಿದಾದ್ರೆ ಪೇಪರ್ ತೋರಿಸಿ. ಓದ್ಲಿಕ್ಕೆ ಬರದಿದ್ರೆ ನಾನು ಓದಿ ಹೇಳ್ತೇನೆ."

ಇಡೀ ಬಸ್ಸು ನಕ್ಕಿತು, ನಮ್ಮವರೂ ಸೇರಿ. ಆ ನಗು ನನಗೆ ಎಲ್ಲಿ ತಾಗಬಾರದೋ ಅಲ್ಲೇ ತಾಗಿತು.

ಮರುದಿನದಿಂದ ಆ ಹೆಂಗಸರು ಬಸ್ಸು ಹತ್ತಲಿಲ್ಲ. ಬೆಳಕು ಹರಿಯುವಾಗ ಹೊರಟು, ಬೆವರಿನಲ್ಲಿ ತೊಯ್ದು ನಡೆದು ಬರುತ್ತಿದ್ದರು. ಒಬ್ಬಳೂ ತಡ ಮಾಡಲಿಲ್ಲ. ರಜೆಯ ದಿನ ಅವರು ಒಬ್ಬರ ಜಡೆ ಒಬ್ಬರು ಹೆಣೆಯುತ್ತ ಗಂಟೆಗಟ್ಟಲೆ ಕೂರುತ್ತಿದ್ದರಲ್ಲ — ತಲೆ ಬಾಚುವುದಷ್ಟೇ ಎಂದುಕೊಂಡಿದ್ದೆ. ತೀರ್ಮಾನವೆಲ್ಲ ಆದದ್ದು ಅಲ್ಲೇ ಎಂದು ಆಮೇಲೆ ಗೊತ್ತಾಯಿತು. ಹಿಂದೆ ಅಮೆರಿಕದ ಕಪ್ಪು ಹೆಂಗಸರು, ಮನೆಗೆಲಸದವರು, ಅಡುಗೆಯವರು, ಹೀಗೇ ಬಸ್ಸು ಬಿಟ್ಟು ತಿಂಗಳುಗಟ್ಟಲೆ ನಡೆದಿದ್ದರಂತೆ. ಎಸ್ತರ್ ಜಡೆ ಹೆಣೆಯುತ್ತ ಆ ಕಥೆ ಹೇಳಿದ್ದಳು.

ಮ್ಯಾನೇಜರು ನಮ್ಮ ಉಡುಪಿ ಕಡೆಯವರೇ. ನನ್ನನ್ನು ಕರೆಸಿದರು.

"ಇವರ ಲೀಡರ್ ಯಾರು ಮಾರಾಯ? ಕೆಲಸಕ್ಕೇನೂ ತೊಂದರೆ ಮಾಡ್ಲಿಲ್ಲಲ್ಲ?"

ಮಾಡಿರಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು.

"ಎಸ್ತರ್, ಸರ್. ಕೆಲಸ ನಿಲ್ಲಿಸಿ ಅಂತ ಎಲ್ಲರಿಗೂ ಹೇಳಿಕೊಡ್ತಾ ಇದ್ದಾಳೆ."

ಖಲಾಸ್. ಆ ವಾರವೇ ಅವಳ ವೀಸಾ ಕ್ಯಾನ್ಸಲ್ ಆಯಿತು.

ಏರ್‌ಪೋರ್ಟಿಗೆ ಬಿಡುವ ಕೆಲಸವೂ ನನಗೇ ಬಂತು.

"ನೀವಾದ್ರೂ ಬಂದ್ರಲ್ಲ ಭಾಯ್," ಎಂದಳು ದಾರಿಯಲ್ಲಿ. "ಅವತ್ತು ಓದಿನ ಮಾತು ಎತ್ತಬಾರದಿತ್ತು ನಾನು. ತಪ್ಪಾಯ್ತು."

ಅವಳು — ನನ್ನಲ್ಲಿ ಕ್ಷಮೆ ಕೇಳಿದಳು. ನಾನು ರಸ್ತೆ ನೋಡುತ್ತ ಗಾಡಿ ಓಡಿಸಿದೆ. ಅವಳ ಪೆಟ್ಟಿಗೆಯನ್ನು ಇಳಿಸಿಕೊಡಲೂ ಇಲ್ಲ.

ಉಳಿದವರು ಮತ್ತೆ ಬಸ್ಸು ಹತ್ತಿದರು. ಹಿಂದೆಯೇ ಕೂತರು.

ಈಗ ಅಬುಧಾಬಿಯಲ್ಲಿ ನನ್ನದೇ ಕಂಪನಿ. ನನ್ನ ಬಸ್ಸಿನಲ್ಲಿ ಯಾರು ಎಲ್ಲಿ ಬೇಕಾದರೂ ಕೂರಬಹುದು — ಆದರೆ ಇದನ್ನು ಹೇಳಿಕೊಂಡು ಹಗುರಾಗುವ ಹಕ್ಕು ನನಗಿಲ್ಲ. ಇದ್ದದ್ದನ್ನು ಹೇಳುತ್ತೇನೆ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಆಫೀಸು ಒಂದು. ಬಸ್ಸು ಮೂರು. ಕೆಲಸದವರು ಎಪ್ಪತ್ತು ಮಂದಿ. ಓದುತ್ತಿರುವ ಮಕ್ಕಳು ಇಬ್ಬರು. ಎಸ್ತರಳ ಫೋನ್ ನಂಬರು ಇಲ್ಲ. ಕೇಳಿಟ್ಟುಕೊಂಡಿರಲಿಲ್ಲ.