ಬೆಣ್ಣೆಕೃಷ್ಣನಿಗೆ ಎಣ್ಣೆ

ಮೊನ್ನೆ ಬೈಂದೂರಿನಿಂದ ಬರುವಾಗ ಯಡ್ತರೆಯ ಹತ್ತಿರ, ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ ಕೆತ್ತನೆಯ ಕಲ್ಲಿನ ಪಾತ್ರೆಗಳನ್ನು ಜೋಡಿಸಿಟ್ಟಿದ್ದರು. ಒಂದರ ಹೊಟ್ಟೆಯ ಸುತ್ತ ಬೆಣ್ಣೆ ಕದಿಯುವ ಕೃಷ್ಣ, ಹೆಗಲು ಕೊಟ್ಟ ಗೆಳೆಯರು, ಕೋಲು ಹಿಡಿದ ಯಶೋದೆ. ಸವರಿದರೆ ಬೂದಿಬಣ್ಣದ ಪುಡಿ ಬೆರಳಿಗೆ ಅಂಟಿತು. ಹೆಂಡತಿ ಮನೆಯ ಶೋಕೇಸಿನ ಅಳತೆ ಲೆಕ್ಕ ಹಾಕುತ್ತಿದ್ದಳು. ನನಗೆ ಅಜ್ಜಿ ನೆನಪಾದಳು.

ನಮ್ಮದು ಬಸ್ರೂರಿನಲ್ಲಿ ಮೀನು ವ್ಯಾಪಾರದ ಮನೆ. ದೇವರಿಗೂ ಮೀನಿಗೂ ನಡುವೆ ಎಷ್ಟು ದೂರ ಇರಬೇಕೆಂಬುದನ್ನು ಅಲ್ಲಿ ಅಜ್ಜಿಯೇ ತೀರ್ಮಾನಿಸುತ್ತಿದ್ದಳು. ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು, ಮುಂಬಯಿ ಸಾಕೆಂದು ಚಿಕ್ಕಪ್ಪ ಬ್ರಹ್ಮಾವರದಲ್ಲಿ ಹೋಟೆಲು ತೆರೆಯಲು ಹೊರಟ. ಗಲ್ಲಾದ ಮೇಲಿಡಲು ಇಂಥದೇ ಬೆಣ್ಣೆಕೃಷ್ಣನ ಪಾತ್ರೆಯೊಂದನ್ನು ಕೆತ್ತಿಸಿ, ನಮ್ಮ ಮನೆಯಲ್ಲಿ ಇಳಿಸಿ, ಉಳಿದ ಸಾಮಾನು ತರಲು ಮುಂಬಯಿಗೆ ಹೋದ. ಯಾತಕ್ಕೆ ತಂದದ್ದೆಂದು ಯಾರಿಗೂ ಹೇಳಲಿಲ್ಲ.

ಅಜ್ಜಿಗೆ ಕಂಡದ್ದು ಬಳಪದ ಕಲ್ಲಿನ ಹೊಸ ಪಾತ್ರೆ. ಪಳಗಿಸದಿದ್ದರೆ ಒಡೆಯುತ್ತದೆಂದು ದಿನವೂ ತೆಂಗಿನೆಣ್ಣೆ, ಅರಸಿನ ತಿಕ್ಕಿ ಬಿಸಿಲಿಗಿಟ್ಟಳು, ಗಂಜಿತಿಳಿ ತುಂಬಿಸಿದಳು. ನಾನೂ ಕೈಹಾಕಿ ಕೃಷ್ಣನ ಡೊಳ್ಳುಹೊಟ್ಟೆಗೆ ಇನ್ನಷ್ಟು ತಿಕ್ಕಿದೆ. ಆಗ ನಾನು ವಿಜ್ಞಾನದ ವಿದ್ಯಾರ್ಥಿ ಬೇರೆ, ಎಣ್ಣೆ ಕುಡಿದ ಕಲ್ಲು ಕಪ್ಪಾಗುತ್ತದೆಂದು ಹೊಳೆಯಲೇ ಇಲ್ಲ. ಮೀನುಸಾರು ಇದರಲ್ಲೇ ಮಾಡೋಣವೆಂದು ಅಮ್ಮ ಹೇಳಿದಾಗ ಅಜ್ಜಿ ಒಪ್ಪಲಿಲ್ಲ.

"ದೇವ್ರ್ ಇತ್ತ್ ಕಾಣ್. ಮೀನ್ ಹಾಕೂಕಾಗ" ಎಂದು ಉಪ್ಪಿನಕಾಯಿಗೆ ಮಾವಿನಮಿಡಿ ಹಾಕಿದಳು.

ಚಿಕ್ಕಪ್ಪ ಬಂದಾಗ ಕೃಷ್ಣ ದೋಸೆಕಾವಲಿಯಷ್ಟು ಕಪ್ಪಗಾಗಿದ್ದ. ಮರುದಿನವೇ ಹೋಟೆಲಿನ ಪೂಜೆ.

"ಅಮ್ಮ, ಇದ್ ಬರೀ ಗಲ್ಲಾದ್ ಮೇಲೆ ಇಟ್ಟ್ ಕಾಂಬುಕೆ ತಂದದ್" ಎಂದ.

ಅಜ್ಜಿಯ ಮುಖ ಬಾಡಿತು. ಮಗನ ಶುಭಕಾರ್ಯ ತನ್ನ ಕೈಯಿಂದಲೇ ಕೆಟ್ಟಿತೆಂದು ಊಟ ಬಿಟ್ಟಳು, ಪೂಜೆಗೂ ಬರುವುದಿಲ್ಲವೆಂದಳು. ನನಗೆ ಅಳುವೇ ಬಂತು.

"ನೀನ್ ಬರ್ದೆ ನಾನ್ ಬಾಗ್ಲ್ ತೆಗುದಿಲ್ಲ" ಎಂದ ಚಿಕ್ಕಪ್ಪ. ಮಿಡಿಯನ್ನು ಭರಣಿಗೆ ತುಂಬಿಸಿ, ಪಾತ್ರೆ ತೊಳೆದು, ಅದನ್ನೂ ಅಜ್ಜಿಯನ್ನೂ ಒಂದೇ ರಿಕ್ಷಾದಲ್ಲಿ ಕರೆದೊಯ್ದ.

ಅಜ್ಜಿ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಳು. ಪೂಜೆ ಮುಗಿದು ಬಾಗಿಲು ತೆರೆಯಿತು. ಮೊದಲು ಉಂಡೆದ್ದ ಗಿರಾಕಿ ಗಲ್ಲಾದ ಮುಂದೆ ನಿಂತು, ಎಣ್ಣೆ ಕುಡಿದು ಮಿನುಗುತ್ತಿದ್ದ ಕೃಷ್ಣನನ್ನು ನೋಡಿದ. ಚಪ್ಪಲಿ ಕಳಚಿ, ಮುಟ್ಟಿ, ಕಣ್ಣಿಗೊತ್ತಿಕೊಂಡ. ಅವನ ಹಿಂದಿದ್ದವನೂ ಹಾಗೇ ಮಾಡಿದ.

"ಹ್ವಾಯ್, ಇದ್ ಯಾವ್ ದೇವಸ್ಥಾನದ್?" ಎಂದು ಅವನು ಕೇಳಿದ.

ಕೊನೆಯ ಬೆಂಚಿನಿಂದ ಅಜ್ಜಿ ತಲೆಯೆತ್ತಿದಳು.

"ನಮ್ಮನಿ ಅಡ್ಗಿಮನಿದ್" ಎಂದಳು. ಮತ್ತೆ ಚಿಕ್ಕಪ್ಪನ ಕಡೆ ತಿರುಗಿ, "ಮಗಾ, ನಂಗೂ ಒಂದ್ ಊಟ ಕೊಡ್" ಎಂದಳು.

ಅಜ್ಜಿ ತೀರಿಕೊಂಡು ವರ್ಷಗಳಾದವು. ಯಡ್ತರೆಯ ಆ ಪಾತ್ರೆಯನ್ನು ಕೊಂಡು, ದಾರಿಯುದ್ದಕ್ಕೂ ಹೆಂಡತಿಗೆ ಇದಿಷ್ಟನ್ನೂ ಹೇಳುತ್ತ ಬಂದೆ. ಅವಳು ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು ಕೇಳಿದಳು. ಕುಂದಾಪುರ ಹತ್ತಿರವಾದಾಗ ಅದರೊಳಗೆ ಕೈಯಿಳಿಸಿ ಆಳ ನೋಡಿದಳು.

"ಮಿಡಿ ಈಗ ಎಲ್ಲಿ ಸಿಕ್ಕತ್ತ್?" ಎಂದಳು.

ಇಷ್ಟು ಖುಷಿಯಾಗಿ ಎಷ್ಟು ಕಾಲವಾಗಿತ್ತೋ. ಮನೆಯ ದಾರಿ ಬಿಟ್ಟು ಸಂತೆಯ ಕಡೆ ಗಾಡಿ ತಿರುಗಿಸಿದೆ.