ಕೆಮ್ಮಣ್ಣು ಬಳಿದ ಹೊಸ್ತಿಲು

ಇವತ್ತು ತಲಘಟ್ಟಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ತಪ್ಪು ಮಹಡಿಗೆ ಇಳಿದು, ಯಾರದೋ ಬಾಗಿಲಿಗೆ ಕೀ ಹಾಕಿ ತಿರುಗಿಸುತ್ತಿದ್ದೆ. ಅಜ್ಜಿ ನೆನಪಾದಳು.

ನಾನು ಚಿಕ್ಕವಳಿದ್ದಾಗ, ಬಡಾವಣೆಗೆ ಹೋದ ಸಾರಕ್ಕಿಯ ನಮ್ಮ ಹೊಲದ ಮೇಲೆ ಎದ್ದ ಸಾಲುಮನೆಗಳಲ್ಲಿ ಒಂದು ನಮಗೆ ಸಿಕ್ಕಿತ್ತು. ಎಲ್ಲಕ್ಕೂ ಒಂದೇ ಹಸಿರು ಬಾಗಿಲು. ನಂಬರ್ ಓದಲು ಬಾರದ ಅಜ್ಜಿ ಗುರುತಿಗೆಂದು ನಮ್ಮ ಹೊಸ್ತಿಲಿಗೆ ದಿನಾ ಕೆಮ್ಮಣ್ಣು ಬಳಿಯುತ್ತಿದ್ದಳು. ಒಂದು ಯುಗಾದಿಯಂದು ಅವಳು ಬೇವು ತರಲು ಹೋದಾಗ, ಹಬ್ಬವೆಂದು ಬೀದಿಯವರೆಲ್ಲ ಕೆಮ್ಮಣ್ಣು ಬಳಿದುಬಿಟ್ಟರು.

“ನಮ್ಮನೆ ಯಾವ್ದಮ್ಮಾ?” ಎಂದು ಅವಳು ಮಧ್ಯಾಹ್ನದವರೆಗೂ ಕಂಡಕಂಡ ಬಾಗಿಲು ತಟ್ಟಿದಳಂತೆ. ಬೀದಿಗೆ ಬಂದ ಹೊಸಬರಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ನನಗೆ ಸಿಕ್ಕಾಗ ಕೊಳಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಮಡಿಲಲ್ಲಿದ್ದ ಬೇವು ಬಾಡಿತ್ತು.

“ನಮ್ ಹೊಲ್ದಲ್ಲೇ ದಾರಿ ತಪ್ಪೋಯ್ತು ಕಣವ್ವಾ” ಎಂದಳು.

ಈಗ ನನ್ನ ಕೀ ಸದ್ದಿಗೆ ಒಳಗಿನವರು ಬಾಗಿಲು ತೆರೆದರು. “ಯಾರ್ ಬೇಕಿತ್ತು ಮೇಡಂ?”

“ನಮ್ಮನೆ...” ಎಂದೆ. ಅವರ ಹೊಸ್ತಿಲು ನೋಡಿದೆ.