ಏಳು ಮಕ್ಕಳ ಜ್ವರ

ಇಪ್ಪತ್ತಾರು ವರ್ಷಗಳಿಂದ ಐದನೆಯ ತರಗತಿಯ ‘ಎ’ ವಿಭಾಗಕ್ಕೆ ಪಾಠ ಮಾಡುತ್ತಿದ್ದ ಅವರಿಗೆ ಮಕ್ಕಳು ಇಟ್ಟ ಹೆಸರು ಹತ್ಸಲ ಟೀಚರ್. ಪ್ರಶ್ನೆ ಯಾವುದೇ ಇರಲಿ, ಉತ್ತರವನ್ನು ಪುಸ್ತಕ ನೋಡಿಕೊಂಡು ಹತ್ತು ಸಲ ಬರೆಯಬೇಕು. ಅವರ ಮುಂದೆ ಕೆಮ್ಮಿದರೆ ಇನ್ನೂ ಒಂಬತ್ತು ಸಲ ಕೆಮ್ಮಿಸುತ್ತಾರೆ ಎಂದು ಮಕ್ಕಳು ನಗುತ್ತಿದ್ದರು. ಅದು ಟೀಚರ್ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹೆಮ್ಮೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಪೈಕಿ ಅವರು. ತಾವು ಕಲಿತದ್ದೂ ಹಾಗೆಯೇ, ನಡುಬೆರಳಲ್ಲಿ ಪೆನ್ನು ಒತ್ತಿ ಬೆಳೆದ ಗಂಟು ಇನ್ನೂ ಇತ್ತು.

ಆ ವರ್ಷ ಶಾಲೆಗೆ ಒಬ್ಬ ಸಂಶೋಧಕಿ ಬಂದಳು. ಸಣ್ಣ ವಯಸ್ಸು, ದೊಡ್ಡ ಚೀಲ. ‘ಎ’ ವಿಭಾಗದವರು ಎಂದಿನಂತೆ ಹತ್ತು ಸಲ ಬರೆಯಲಿ, ‘ಬಿ’ ವಿಭಾಗದವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದು ತಪ್ಪು ತಿದ್ದಿಕೊಳ್ಳಲಿ, ಮೂರು ವಾರದ ಮೇಲೆ ಎರಡೂ ವಿಭಾಗಕ್ಕೆ ಒಂದೇ ಪರೀಕ್ಷೆ ಎಂದಳು. ಯಾವುದು ಗೆಲ್ಲುತ್ತದೋ ಅದನ್ನೇ ಮುಂದಿನ ವರ್ಷದಿಂದ ಸುತ್ತಲಿನ ಹನ್ನೆರಡು ಶಾಲೆಗಳಲ್ಲಿ ಜಾರಿಗೆ ತರುವುದೆಂದು ತೀರ್ಮಾನವಾಗಿತ್ತು.

“ಪುಸ್ತಕ ಮುಚ್ಚಿದ್ರೆ ವಿದ್ಯೆ ಬರುತ್ತಾ? ಇಷ್ಟು ವರ್ಷ ನಾವೇನು ಕತ್ತೆ ಕಾಯ್ತಿದ್ವಾ?” ಎಂದು ಟೀಚರ್ ಮನೆಯಲ್ಲಿ ಗೊಣಗಿದರು.

“ಅದನ್ನ ನೋಡೋಕೇ ಅಲ್ವಾ ಪರೀಕ್ಷೆ ಇಡೋದು” ಎಂದರು ಗಂಡ.

ಪರೀಕ್ಷೆಯ ಹಿಂದಿನ ದಿನ ಸಂಜೆ ಗಂಟೆ ಹೊಡೆದ ಮೇಲೆ ಟೀಚರ್ ಏಳು ಮಕ್ಕಳನ್ನು ನಿಲ್ಲಿಸಿಕೊಂಡು, “ನಾಳೆ ನೀವು ಬರೋದು ಬೇಡ” ಎಂದರು. ಇದೇನೂ ಹೊಸದಲ್ಲ. ತನಿಖೆಗೆ ಸಾಹೇಬರು ಬರುವ ದಿನ ಓದಿನಲ್ಲಿ ಹಿಂದುಳಿದವರನ್ನು ಮನೆಯಲ್ಲಿ ಉಳಿಸುವುದು ಆ ಶಾಲೆಯ ಹಳೆಯ ರೂಢಿ. ನೆಂಟರು ಬಂದಾಗ ಒಡಕು ಲೋಟ ಒಳಗಿಡುವುದಿಲ್ಲವೇ, ಹಾಗೆ. ಮೋಸವೆಂದು ಅವರಿಗೆ ಅನ್ನಿಸಲೇ ಇಲ್ಲ.

‘ಎ’ ವಿಭಾಗಕ್ಕೆ ಸರಾಸರಿ ಎರಡು ಅಂಕ ಹೆಚ್ಚು ಬಂತು.

“ನನ್ನ ಅಂದಾಜು ತಪ್ಪಾಯ್ತು ಮೇಡಂ. ನಿಮ್ಮ ವಿಧಾನವೇ ಗೆದ್ದಿದೆ, ಹಾಗಂತಲೇ ಬರೀತೀನಿ” ಎಂದಳು ಸಂಶೋಧಕಿ, ಯಾವ ಬೇಸರವೂ ಇಲ್ಲದೆ. ಆಮೇಲೆ ಹಾಜರಿ ನೋಡಿ, “ಏಳು ಜನ ಬಂದಿರ್ಲಿಲ್ಲ, ಯಾಕೆ?” ಎಂದಳು.

“ಜ್ವರ. ಎಲ್ಲಾ ಕಡೆ ಜ್ವರ ಈಗ.”

ಹೇಳಿದ ಮೇಲೆ ಟೀಚರ್ ಕಿವಿಯೆಲ್ಲ ಬಿಸಿಯಾಯಿತು. ತನ್ನದು ತಪ್ಪೆಂದು ಒಪ್ಪಲು ಆ ಹುಡುಗಿಗೆ ಅರೆನಿಮಿಷ ಸಾಕಾಯಿತು. ತಮಗೆ ಇಪ್ಪತ್ತಾರು ವರ್ಷದಲ್ಲಿ ಅದು ಒಮ್ಮೆಯೂ ಸಾಧ್ಯವಾಗಿರಲಿಲ್ಲ. ಮೂರು ದಿನ ಊಟ ರುಚಿಸಲಿಲ್ಲ. ಕೊನೆಗೆ ಗಂಡನಿಗೆ ಹೇಳಿದರು. ಅವರು ಬೈಯಲಿಲ್ಲ. “ಹನ್ನೆರಡು ಶಾಲೆ ಮಕ್ಕಳ ಬೆರಳು ಸವೆಸೋಕೆ ನಿಂಗೆ ಒಂದು ಸುಳ್ಳು ಸಾಕಾಯ್ತು” ಎಂದಷ್ಟೇ ಅಂದು ಪತ್ರಿಕೆ ತೆರೆದರು.

ಮರುದಿನ ಟೀಚರ್ ಸಂಶೋಧಕಿಯ ಕೋಣೆಗೆ ಹೋಗಿ ನಿಂತುಕೊಂಡೇ ಹೇಳಿದರು. “ಜ್ವರ ಇರ್ಲಿಲ್ಲಮ್ಮ. ನಾನೇ ಬರಬೇಡಿ ಅಂದಿದ್ದೆ.” ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದರು. ಆಕೆ ಪೆನ್ನಿನ ಮುಚ್ಚಳ ತೆಗೆದು ಹಾಜರಿಯಲ್ಲಿ ಆ ಏಳು ಹೆಸರಿಗೆ ಗುರುತು ಹಾಕಿದಳು.

“ನಾಳೆ ಎರಡೂ ಕ್ಲಾಸಿಗೆ ಇನ್ನೊಂದು ಪರೀಕ್ಷೆ ಇಡೋಣ ಮೇಡಂ. ಮಕ್ಕಳಿಗೆ ಮೊದಲೇ ಹೇಳ್ಬೇಡಿ.”

ಟೀಚರ್ ಯಾರಿಗೂ ಹೇಳಲಿಲ್ಲ. ಈ ಸಲ ಬಂದಷ್ಟು ಅಂಕ ಬರಲಿ, ಸೋತರೆ ಎಲ್ಲರ ಮುಂದೆ ಸೋತೆ ಎನ್ನುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ತರಗತಿಗೆ ಬಂದರು. ಎರಡನೆಯ ಪೀರಿಯಡ್‌ನಲ್ಲಿ ಸಂಶೋಧಕಿ ಪ್ರಶ್ನೆಪತ್ರಿಕೆಗಳ ಕಟ್ಟು ಹಿಡಿದು ಒಳಗೆ ಕಾಲಿಟ್ಟಳು. ಟೀಚರ್ ಮಾತಾಡುವ ಮೊದಲೇ ಹಿಂದಿನ ಬೆಂಚುಗಳಲ್ಲಿ ಸದ್ದಾಯಿತು. ಏಳು ಮಕ್ಕಳೂ ಪುಸ್ತಕ ಚೀಲಕ್ಕೆ ತುಂಬಿ, ಹೆಗಲಿಗೇರಿಸಿ ಎದ್ದು ನಿಂತಿದ್ದರು.

“ನಾವು ಮನೆಗೆ ಹೋಗ್ತೀವಿ ಟೀಚರ್” ಎಂದಳು ಅವರಲ್ಲಿ ಚಿಕ್ಕವಳು. ಮುಖದಲ್ಲಿ ಬೇಸರವಿರಲಿಲ್ಲ, ಹೇಳಿಸಿಕೊಳ್ಳದೆಯೇ ಕೆಲಸ ಮಾಡಿದ ಜಾಣತನವಿತ್ತು.

ಕೂತ್ಕೊಳ್ಳಿ ಎನ್ನುವಂತೆ ಟೀಚರ್ ಕೈ ಎತ್ತಿದರು. ಹುಡುಗಿ ಅದನ್ನು ಒಪ್ಪಿಗೆ ಎಂದುಕೊಂಡು ಬಾಗಿಲ ಕಡೆ ನಡೆದಳು, ಉಳಿದ ಆರು ಮಂದಿ ಅವಳ ಹಿಂದೆ.